ನಾಲ್ಕು ಸಾಲು, ಮೂರು ಹೆಸರು, ಒಂದು ಶಿಲುಬೆ

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಸಮಾಧಿಗಳ ಆಶೀರ್ವಾದ ನಡೆಯುತ್ತದೆ. ಹುಲ್ಲು ಕಿತ್ತು, ಕಲ್ಲು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ನಾವು ನಮ್ಮವರ ಹೆಸರಿನ ಮುಂದೆ ನಿಲ್ಲುತ್ತೇವೆ. ಅಜ್ಜ ಅಜ್ಜಿಯರ ಹೆಸರನ್ನು ಮಕ್ಕಳಿಗೆ ಓದಿ ಹೇಳುತ್ತೇವೆ. ಓದುವವರು ಇರುವವರೆಗೆ ಆ ಕಲ್ಲು ಮಾತನಾಡುತ್ತದೆ. ಆದರೆ ಓದುವವರೇ ಇಲ್ಲವಾದರೆ? ಒಂದು ಮನೆತನವಲ್ಲ, ಒಂದು ಇಡೀ ಜನಾಂಗದ ಭಾಷೆಯೇ ನಿಂತುಹೋದರೆ, ಅವರು ನೆಟ್ಟ ಕಲ್ಲುಗಳ ಗತಿ ಏನು?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾವು ದೂರದ ಸ್ಕಾಟ್ಲೆಂಡಿನ ಒಂದು ಕಲ್ಲನ್ನು ಪರಿಚಯಿಸಿಕೊಳ್ಳೋಣ. ಅದರ ಒಂದು ಮುಖದಲ್ಲಿ ಶಿಲುಬೆ ಇದೆ. ಇನ್ನೊಂದು ಮುಖದಲ್ಲಿ ಇಂದಿಗೂ ಯಾರೂ ಖಚಿತವಾಗಿ ಓದಲಾಗದ ಗುರುತುಗಳಿವೆ. ಅದರ ಪಕ್ಕದ ಕಿರಿದಾದ ಅಂಚಿನಲ್ಲಿ ನಾಲ್ಕು ಪುಟ್ಟ ಸಾಲುಗಳಿವೆ. ಸುಮಾರು 1200 ವರ್ಷಗಳ ಹಿಂದೆ ಬದುಕಿದ್ದ ಒಂದು ಕ್ರೈಸ್ತ ಸಮುದಾಯ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ತೀರಾ ಕೆಲವೇ ಮಾತುಗಳಲ್ಲಿ ಆ ಸಾಲುಗಳೂ ಸೇರಿವೆ.

ಕಲ್ಲು ಇರುವ ಊರು

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಆಂಗಸ್ ಎಂಬ ಸೀಮೆ ಇದೆ. ಅಲ್ಲಿನ ಆರ್ಬ್ರೋತ್ ಎಂಬ ಬಂದರು ಪಟ್ಟಣದಿಂದ ಸುಮಾರು ಎರಡು ಕಿಲೋಮೀಟರ್ ದೂರದಲ್ಲಿ ಸೇಂಟ್ ವಿಜಿಯನ್ಸ್ ಎಂಬ ಚಿಕ್ಕ ಹಳ್ಳಿ. ಹಳ್ಳಿಯ ನಡುವೆ ಕಡಿದಾದ ಒಂದು ದಿಬ್ಬ, ದಿಬ್ಬದ ಮೇಲೆ ದೇವಾಲಯ, ಅದರ ಸುತ್ತ ಸಮಾಧಿಗಳು. ಊರಿನ ಹೆಸರು ಒಬ್ಬ ಐರಿಷ್ ಸಂತನಿಂದ ಬಂದದ್ದು. ಐರ್ಲೆಂಡಿನ ಫೋರ್ ಎಂಬಲ್ಲಿ ಮಠ ಸ್ಥಾಪಿಸಿ, 665ರಲ್ಲಿ ಪ್ಲೇಗಿನ ಪಿಡುಗಿಗೆ ಬಲಿಯಾದ ಸಂತ ಫೆಖಿನ್ ಅವರ ಹೆಸರು ಲತೀನಿನಲ್ಲಿ ವಿಜಿಯಾನುಸ್ ಆಗಿ, ಜನರ ಬಾಯಲ್ಲಿ ವಿಜಿಯನ್ಸ್ ಆಯಿತು.

1871-72ರಲ್ಲಿ ಈ ದೇವಾಲಯದ ಜೀರ್ಣೋದ್ಧಾರ ನಡೆಯಿತು. ಆಗ ಗೋಡೆಗಳನ್ನು ಬಿಚ್ಚಿದಂತೆ ಒಂದೊಂದಾಗಿ ಕೆತ್ತನೆಯ ಕಲ್ಲುಗಳು ಹೊರಬಂದವು. ಒಂದು ಕಾಲದಲ್ಲಿ ಭಕ್ತಿಯಿಂದ ನೆಟ್ಟ ಶಿಲುಬೆಗಳನ್ನು ಮುಂದಿನ ತಲೆಮಾರುಗಳು ಒಡೆದು ಗೋಡೆಗೆ ಕಟ್ಟಿಕೊಂಡಿದ್ದವು. ಇಂದು ದಿಬ್ಬದ ಬುಡದಲ್ಲಿರುವ ಹಳೆಯ ಮನೆಗಳ ಸಾಲಿನಲ್ಲೇ ಒಂದು ಸಂಗ್ರಹಾಲಯವಿದೆ. ಅಲ್ಲಿ ಈ ಊರಿನ 38 ಕಲ್ಲುಗಳನ್ನು ಜೋಪಾನವಾಗಿ ಇಡಲಾಗಿದೆ. ಅವುಗಳಲ್ಲಿ ಮೊದಲನೆಯ ಸಂಖ್ಯೆಯನ್ನು ಪಡೆದದ್ದೇ ನಮ್ಮ ಇಂದಿನ ವಿಷಯವಾದ 'ದ್ರೋಸ್ತೆನ್ ಕಲ್ಲು'. ಬರಹದ ಮೊದಲ ಪದದಿಂದ ಅದಕ್ಕೆ ಆ ಹೆಸರು ಬಂದಿದೆ.

ಪಿಕ್ಟರು ಯಾರು?

ಈ ಕಲ್ಲನ್ನು ಕೆತ್ತಿದವರು ಪಿಕ್ಟರು. ಫೋರ್ತ್ ಮತ್ತು ಕ್ಲೈಡ್ ಎಂಬ ಎರಡು ನದಿಗಳ ಅಳಿವೆಗಳಿಂದ ಉತ್ತರಕ್ಕಿರುವ ನಾಡು ಅವರದಾಗಿತ್ತು. ರೋಮನ್ ಸಾಮ್ರಾಜ್ಯ ಆ ನಾಡನ್ನು ಗೆದ್ದು ಉಳಿಸಿಕೊಳ್ಳಲಾಗಲಿಲ್ಲ. 'ಪಿಕ್ಟಿ' ಎಂಬ ಹೆಸರು ನಮಗೆ ಮೊದಲು ಸಿಗುವುದು 297ರ ಸುಮಾರಿಗೆ ರೋಮನ್ ಚಕ್ರವರ್ತಿಯ ಮನೆತನವನ್ನು ಹೊಗಳಿ ಮಾಡಿದ ಒಂದು ಭಾಷಣದಲ್ಲಿ. ಲತೀನಿನಲ್ಲಿ ಆ ಪದಕ್ಕೆ 'ಬಣ್ಣ ಬಳಿದುಕೊಂಡವರು' ಎಂಬ ಅರ್ಥ. ಅಂದರೆ ಅದು ಹೊರಗಿನವರು, ಅದರಲ್ಲೂ ಶತ್ರುಗಳು ಇಟ್ಟ ಹೆಸರು.

ಪಿಕ್ಟರ ಭಾಷೆಯಲ್ಲಿ ಬರೆದ ಒಂದು ಪುಸ್ತಕವೂ ಉಳಿದಿಲ್ಲ. ರಾಜರ ಪಟ್ಟಿಗಳು, ಊರುಗಳ ಹೆಸರುಗಳು, ಕಲ್ಲಿನ ಮೇಲಿನ ಕೆಲವು ಪದಗಳು ಇಷ್ಟೇ ಉಳಿದಿರುವುದು. ಇವುಗಳನ್ನು ಪರಿಶೀಲಿಸಿದ ವಿದ್ವಾಂಸರು ಅದು ಇಂದಿನ ವೆಲ್ಷ್ ಭಾಷೆಗೆ ಹತ್ತಿರದ ಭಾಷೆಯಾಗಿತ್ತು ಎನ್ನುತ್ತಾರೆ. ಪಿಟ್ಲಾಕ್ರಿಯಂಥ ಊರ ಹೆಸರುಗಳ ಆರಂಭದಲ್ಲಿರುವ 'ಪಿಟ್' ಎಂಬುದು 'ಭೂಮಿಯ ಪಾಲು' ಎಂಬ ಅರ್ಥದ ಪಿಕ್ಟಿಷ್ ಪದ. ಸ್ಕಾಟ್ಲೆಂಡಿನ ನೂರಾರು ಊರುಗಳ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. ಆ ಊರಿನ ಜನ ದಿನವೂ ಆ ಪದವನ್ನು ಉಚ್ಚರಿಸುತ್ತಾರೆ. ಅದು ಯಾವ ಭಾಷೆಯದೆಂದು ಯೋಚಿಸುವವರು ಕಡಿಮೆ.

ಆದರೆ ಪಿಕ್ಟರು ಬಿಟ್ಟುಹೋದ ಇನ್ನೊಂದು ಆಸ್ತಿ ಇದೆ. ಅದೇ ಅವರ ಗುರುತಿನ ಕಲ್ಲುಗಳು. ಅರ್ಧಚಂದ್ರದ ಮೇಲೆ ಮುರಿದ ಬಾಣದಂಥ ಗೆರೆ, ಎರಡು ಚಕ್ರಗಳನ್ನು ಜೋಡಿಸಿ ಅವುಗಳ ಮೇಲೆ ಅಂಕುಡೊಂಕಾಗಿ ಹಾದುಹೋಗುವ ಕೋಲು, ಹಾವು, ಮೀನು, ಹದ್ದು, ಆನೆಯ ಸೊಂಡಿಲಿನಂಥ ಮೂತಿಯ ಒಂದು ವಿಚಿತ್ರ ಪ್ರಾಣಿ, ಕನ್ನಡಿ, ಬಾಚಣಿಗೆ — ಇಂಥ ಗುರುತುಗಳು ಇನ್ನೂರಕ್ಕೂ ಹೆಚ್ಚು ಕಲ್ಲುಗಳ ಮೇಲೆ ಮತ್ತೆ ಮತ್ತೆ ಕಾಣಿಸುತ್ತವೆ. ಊರು ಬೇರೆಯಾದರೂ ಗುರುತಿನ ಆಕಾರ ಬದಲಾಗುವುದಿಲ್ಲ. ಸಾಮಾನ್ಯವಾಗಿ ಅವು ಜೋಡಿಜೋಡಿಯಾಗಿ ಬರುತ್ತವೆ. ಮನಸ್ಸಿಗೆ ಬಂದಂತೆ ಬಿಡಿಸಿದ ಅಲಂಕಾರ ಹೀಗಿರಲಾರದು. ಇವು ವ್ಯಕ್ತಿಗಳ ಹೆಸರುಗಳನ್ನು ಸೂಚಿಸುತ್ತಿರಬೇಕು ಎಂದು ಇಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಈ ಗುರುತುಗಳ ಆರಂಭವನ್ನು ಕ್ರಿಸ್ತಶಕ ಮೂರು-ನಾಲ್ಕನೇ ಶತಮಾನಕ್ಕೆ ಒಯ್ದಿದೆ. ಅಂದರೆ ಸುವಾರ್ತೆ ಆ ನಾಡನ್ನು ಮುಟ್ಟುವ ಮೊದಲೇ ಈ ಗುರುತುಗಳು ಅಲ್ಲಿದ್ದವು.

ಸುವಾರ್ತೆ ಬಂದ ಬಗೆ

ಪಿಕ್ಟರ ನಾಡಿಗೆ ಸುವಾರ್ತೆ ಒಂದೇ ದಾರಿಯಲ್ಲಿ ಬರಲಿಲ್ಲ. ದಕ್ಷಿಣ ಭಾಗದವರಿಗೆ ಸಂತ ನಿನಿಯನ್ ಬೋಧಿಸಿದರೆಂದು ಸಂತ ಬೀಡ್ ಬರೆದಿದ್ದಾರೆ. ಪಶ್ಚಿಮದಿಂದ ಬಂದವರು ಸಂತ ಕೊಲುಂಬ. 563ರಲ್ಲಿ ಐರ್ಲೆಂಡನ್ನು ಬಿಟ್ಟು ಬಂದು ಅಯೋನಾ ಎಂಬ ಪುಟ್ಟ ದ್ವೀಪದಲ್ಲಿ ಮಠ ಕಟ್ಟಿದ ಕೊಲುಂಬ, ಪಿಕ್ಟರ ರಾಜ ಬ್ರಿಡೆಯನ್ನು ನೆಸ್ ನದಿಯ ಬಳಿ ಭೇಟಿಯಾದರು. ಅವರು 597ರಲ್ಲಿ ತೀರಿಕೊಂಡ ಸುಮಾರು ನೂರು ವರ್ಷಗಳ ನಂತರ ಅದೇ ಮಠದ ಮಠಾಧಿಪತಿ ಸಂತ ಅದಮ್ನಾನ್ ಅವರ ಜೀವನಚರಿತ್ರೆಯನ್ನು ಬರೆದರು. ಅದರಲ್ಲಿ ನಮ್ಮ ಗಮನ ಸೆಳೆಯುವ ಒಂದು ಸಣ್ಣ ವಿವರವಿದೆ. ಪಿಕ್ಟರ ನಡುವೆ ಬೋಧಿಸುವಾಗ ಕೊಲುಂಬರು ದುಭಾಷಿಯ ನೆರವು ಪಡೆದರು. ಅವರ ಮಾತೃಭಾಷೆ ಗೇಲಿಕ್. ಕೇಳುವವರ ಭಾಷೆ ಬೇರೆ. ಅಷ್ಟು ದೊಡ್ಡ ಸಂತರೂ ಇನ್ನೊಬ್ಬರ ಬಾಯಿಯ ಮೂಲಕ ಮಾತನಾಡಬೇಕಾಯಿತು.

ಇಂಥದೇ ಇನ್ನೊಂದು ಸಂಗತಿಯನ್ನು ಸಂತ ಬೀಡ್ ತಮ್ಮ ಧರ್ಮಸಭೆಯ ಇತಿಹಾಸದಲ್ಲಿ ದಾಖಲಿಸಿದ್ದಾರೆ. ಈ ಗ್ರಂಥವನ್ನು ಅವರು ಮುಗಿಸಿದ್ದು 731ರಲ್ಲಿ. ಸುಮಾರು 710ರಲ್ಲಿ ಪಿಕ್ಟರ ರಾಜ ನೆಖ್ತನ್ ಇಂಗ್ಲೆಂಡಿನ ವೇರ್ಮತ್-ಜಾರೋ ಮಠದ ಮಠಾಧಿಪತಿ ಚೆಯೊಲ್‌ಫ್ರಿದ್ ಅವರಿಗೆ ದೂತರನ್ನು ಕಳುಹಿಸಿದ. ಪಾಸ್ಖ ಹಬ್ಬದ ದಿನಾಂಕವನ್ನು ಲೆಕ್ಕ ಹಾಕುವ ಸರಿಯಾದ ಕ್ರಮ ಯಾವುದು ಎಂದು ಕೇಳಿದ. ರೋಮನ್ನರ ರೀತಿಯಲ್ಲಿ ಕಲ್ಲಿನ ದೇವಾಲಯ ಕಟ್ಟಬಲ್ಲ ಕುಶಲಕರ್ಮಿಗಳನ್ನು ಕಳುಹಿಸಿಕೊಡಿ, ಅದನ್ನು ಸಂತ ಪೇತ್ರರ ಹೆಸರಿಗೆ ಅರ್ಪಿಸುತ್ತೇವೆ ಎಂದೂ ಬೇಡಿಕೊಂಡ. ಚೆಯೊಲ್‌ಫ್ರಿದ್ ಅವರು ದೀರ್ಘವಾದ ಉತ್ತರ ಬರೆದರು. ಅದನ್ನು ರಾಜನ ಎದುರು ಓದಿ, ಬಲ್ಲವರು ಅವನ ಭಾಷೆಗೆ ಅನುವಾದಿಸಿ ಹೇಳಿದರು. ರಾಜ ಎದ್ದು, ನೆಲಕ್ಕೆ ಮೊಣಕಾಲೂರಿ ದೇವರಿಗೆ ವಂದನೆ ಸಲ್ಲಿಸಿದನೆಂದು ಬೀಡ್ ಹೇಳುತ್ತಾರೆ.

ಅದೇ ಗ್ರಂಥದ ಆರಂಭದಲ್ಲಿ ಬೀಡ್ ಅವರು ಬ್ರಿಟನ್ ದ್ವೀಪದಲ್ಲಿ ಒಂದೇ ಸತ್ಯವನ್ನು ಅರಸುವ ಐದು ಭಾಷೆಗಳಿವೆ ಎಂದು ಎಣಿಸುತ್ತಾರೆ: ಇಂಗ್ಲಿಷರದು, ಬ್ರಿಟನ್ನರದು, ಐರಿಷರದು, ಪಿಕ್ಟರದು, ಮತ್ತು ಎಲ್ಲರನ್ನೂ ಕೂಡಿಸುವ ಲತೀನ್. ಆ ಐದರಲ್ಲಿ ಪಿಕ್ಟರ ಭಾಷೆ ಸುಮಾರು ಇನ್ನೂರು-ಮುನ್ನೂರು ವರ್ಷಗಳಲ್ಲಿ ಇಲ್ಲವಾಗುತ್ತದೆ ಎಂದು ಅವರು ಊಹಿಸಿರಲಾರರು.

ಶಿಲುಬೆಯ ಬೆನ್ನಿಗೆ ಹಳೆಯ ಗುರುತುಗಳು

ಹೊಸ ವಿಶ್ವಾಸ ಬಂದಾಗ ಹಳೆಯ ಗುರುತುಗಳನ್ನು ಏನು ಮಾಡಿದರು? ಅಳಿಸಿ ಹಾಕಿದರೇ? ಈ ಪ್ರಶ್ನೆಗೆ ಕಲ್ಲುಗಳೇ ಉತ್ತರಿಸುತ್ತವೆ. 1903ರಲ್ಲಿ ರೊಮಿಲಿ ಆಲನ್ ಮತ್ತು ಜೋಸೆಫ್ ಆಂಡರ್ಸನ್ ಎಂಬ ಇಬ್ಬರು ವಿದ್ವಾಂಸರು ಸ್ಕಾಟ್ಲೆಂಡಿನ ಆದಿ ಕ್ರೈಸ್ತ ಸ್ಮಾರಕಗಳ ಬೃಹತ್ ಗ್ರಂಥವನ್ನು ಹೊರತಂದರು. ಅವರು ಈ ಕಲ್ಲುಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲ ಬಗೆ, ಒರಟು ಬಂಡೆಯ ಮೇಲೆ ಗುರುತು ಮಾತ್ರ ಕೊರೆದದ್ದು. ಎರಡನೆಯದು, ನಯಗೊಳಿಸಿದ ಚಪ್ಪಡಿಯ ಮೇಲೆ ಶಿಲುಬೆಯೂ ಗುರುತುಗಳೂ ಕೂಡಿರುವುದು. ಮೂರನೆಯದು, ಶಿಲುಬೆ ಇದ್ದು ಗುರುತುಗಳು ಇಲ್ಲದ್ದು. ಈ ಎರಡನೆಯ ಬಗೆಯೇ ನಮಗೆ ಮುಖ್ಯ. ಶಿಲುಬೆಯನ್ನು ಅಪ್ಪಿಕೊಂಡ ಜನ ತಮ್ಮ ಗುರುತುಗಳನ್ನು ಬಿಡಲಿಲ್ಲ. ಅದೇ ಕಲ್ಲಿನ ಮೇಲೆ ಅವಕ್ಕೂ ಜಾಗ ಕೊಟ್ಟರು.

ದ್ರೋಸ್ತೆನ್ ಕಲ್ಲು ಈ ಎರಡನೆಯ ಬಗೆಗೆ ಸೇರಿದ್ದು. ಆಳೆತ್ತರದ ಮರಳುಗಲ್ಲಿನ ಚಪ್ಪಡಿ. ಮುಂಭಾಗದಲ್ಲಿ ಶಿಲುಬೆ, ಅದರ ಮೈತುಂಬ ಹೆಣಿಗೆಯ ವಿನ್ಯಾಸ, ಎಲ್ಲಿ ಆರಂಭ ಎಲ್ಲಿ ಅಂತ್ಯ ಎಂದು ಕಣ್ಣಿಗೆ ಸುಲಭವಾಗಿ ಸಿಗದಂಥ ಬಳ್ಳಿಗಂಟುಗಳು. ಶಿಲುಬೆಯ ಎರಡೂ ಬದಿಗಳಲ್ಲಿ ಪ್ರಾಣಿಗಳು. ಹಿಂಭಾಗಕ್ಕೆ ಬಂದರೆ ಬೇರೆಯೇ ಲೋಕ. ಅಲ್ಲಿ ಜೋಡಿಚಕ್ರ, ಅರ್ಧಚಂದ್ರ, ಕನ್ನಡಿ, ಬಾಚಣಿಗೆಗಳಿವೆ. ಅವುಗಳ ಸುತ್ತಮುತ್ತ ಕಾಡಿನ ಬದುಕು: ಮರಿಗೆ ಹಾಲೂಡಿಸುವ ಜಿಂಕೆ, ಮೀನನ್ನು ಹಿಡಿದ ಹದ್ದು, ಕೆಳಗೆ ಮುಸುಕು ಹಾಕಿದ ಬೇಟೆಗಾರ. ಅವನು ಕಾಡುಹಂದಿಯ ಕಡೆಗೆ ಅಡ್ಡಬಿಲ್ಲಿನಿಂದ ಗುರಿ ಇಟ್ಟಿದ್ದಾನೆ. ನಮ್ಮ ಊರುಗಳ ವೀರಗಲ್ಲುಗಳನ್ನು ಕಂಡವರಿಗೆ ಕಲ್ಲಿನ ಮೇಲೆ ಹೀಗೆ ಬದುಕನ್ನು ಕೆತ್ತುವುದು ಅಪರಿಚಿತವೆನಿಸಲಾರದು.

ಜಿಂಕೆ ಎಂದೊಡನೆ ನಮಗೆ, ನೀರಿಗಾಗಿ ಹಂಬಲಿಸುವ ಜಿಂಕೆಯ ಕೀರ್ತನೆ ನೆನಪಾಗುತ್ತದೆ. ಮೀನು ಎಂದರೆ ಆದಿ ಕ್ರೈಸ್ತರ ಗುಪ್ತ ಚಿಹ್ನೆ ನೆನಪಿಗೆ ಬರುತ್ತದೆ. ಆದರೆ ಕೆತ್ತಿದವನ ಮನಸ್ಸಿನಲ್ಲಿ ಇದೇ ಇತ್ತು ಎಂದು ಆತುರದಿಂದ ಹೇಳಿಬಿಡುವುದು ನ್ಯಾಯವಲ್ಲ. ಅವರ ಗುರುತುಗಳಿಗೆ ನಮ್ಮ ಅರ್ಥವನ್ನು ಅಂಟಿಸುವುದಕ್ಕಿಂತ, ಅವುಗಳ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದು ಹೆಚ್ಚು ಗೌರವದ ನಡೆ.

ಅದೇ ಸಂಗ್ರಹದ ಏಳನೆಯ ಕಲ್ಲಿನ ಮೇಲೆ ಮಾತ್ರ ನಾವು ಕೂಡಲೇ ಗುರುತಿಸಬಲ್ಲ ಒಂದು ದೃಶ್ಯವಿದೆ. ಇಬ್ಬರು ಸನ್ಯಾಸಿಗಳು ಎದುರುಬದುರಾಗಿ ಕುಳಿತು ಒಂದು ದುಂಡು ರೊಟ್ಟಿಯನ್ನು ಮುರಿಯುತ್ತಿದ್ದಾರೆ. ಅವರು ಮರುಭೂಮಿಯ ತಪಸ್ವಿಗಳಾದ ಸಂತ ಪೌಲ ಮತ್ತು ಸಂತ ಅಂತೋಣಿ. ಇವರು ನಾವು ಮಂಗಳವಾರದ ಪ್ರಾರ್ಥನೆಯಲ್ಲಿ ನೆನೆಯುವ ಪಾದುವಾದ ಅಂತೋಣಿಯವರಲ್ಲ, ಅವರಿಗಿಂತ ಒಂಬತ್ತು ಶತಮಾನ ಹಿಂದಿನ ಈಜಿಪ್ಟಿನ ಅಂತೋಣಿ. ಪೌಲರಿಗೆ ದಿನವೂ ಅರ್ಧ ರೊಟ್ಟಿ ತರುತ್ತಿದ್ದ ಕಾಗೆ, ಅಂತೋಣಿ ಅತಿಥಿಯಾಗಿ ಬಂದ ದಿನ ಇಡೀ ರೊಟ್ಟಿ ತಂದಿತೆಂಬ ಕಥೆಯನ್ನು ಸಂತ ಜೆರೋಮ್ ಬರೆದಿದ್ದಾರೆ. ಮುರಿಯುವವರು ಯಾರಾಗಬೇಕು ಎಂದು ಇಬ್ಬರೂ ಒಬ್ಬರಿಗೊಬ್ಬರು ಗೌರವ ಕೊಡುತ್ತಾ ಸಂಜೆಯವರೆಗೂ ಕಳೆದರು, ಕೊನೆಗೆ ಇಬ್ಬರೂ ಕೂಡಿ ಹಿಡಿದು ಮುರಿದರು ಎನ್ನುತ್ತದೆ ಆ ಕಥೆ. ಈಜಿಪ್ಟಿನ ಮರಳುಗಾಡಿನ ಈ ಕಥೆ ಉತ್ತರ ಸಮುದ್ರದ ಚಳಿಗಾಳಿ ಬೀಸುವ ದಿಬ್ಬದ ಮೇಲೆ ಕೆತ್ತಲ್ಪಟ್ಟಿತೆಂದರೆ, ಅಲ್ಲಿ ಓದು ಬಲ್ಲ ಗುರುಗಳಿದ್ದರು, ಗ್ರಂಥಗಳಿದ್ದವು, ಬಲಿಪೂಜೆಯ ರೊಟ್ಟಿಯ ಮಹಿಮೆಯನ್ನು ಅರಿತ ವಿಶ್ವಾಸಿಗಳಿದ್ದರು ಎಂದೇ ಅರ್ಥ.

ನಾಲ್ಕು ಸಾಲಿನ ಬರಹ

ಈಗ ಆ ಬರಹಕ್ಕೆ ಬರೋಣ. ಕಲ್ಲಿನ ಕಿರಿದಾದ ಒಂದು ಅಂಚಿನ ಕೆಳಭಾಗದಲ್ಲಿ ಪುಟ್ಟ ಚೌಕಟ್ಟು. ಅದರೊಳಗೆ ಲತೀನ್ ಲಿಪಿಯ 24 ಅಕ್ಷರಗಳು. ನಮ್ಮ ಲಿಪಿಯಲ್ಲಿ ಬರೆದರೆ ಹೀಗಾಗುತ್ತದೆ:

ದ್ರೋಸ್ತೆನ್
ಇಪೆವೋರೆತ್
ಎತ್ತ್‌ಫೋರ್
ಕುಸ್

ಪದಗಳ ನಡುವೆ ಜಾಗ ಬಿಟ್ಟಿಲ್ಲ. ಜಾಗ ಸಾಲದೆ ಒಂದು ಹೆಸರು ಎರಡು ಸಾಲುಗಳಲ್ಲಿ ಹಂಚಿಹೋಗಿದೆ. ಅಕ್ಷರಗಳ ರೂಪ ಅಂದಿನ ಮಠಗಳಲ್ಲಿ ಸುವಾರ್ತೆಯ ಪ್ರತಿಗಳನ್ನು ಬರೆಯಲು ಬಳಸುತ್ತಿದ್ದ ಬರವಣಿಗೆಯದು. ಅಂದರೆ ಉಳಿ ಹಿಡಿದ ಕೈಗೆ, ಅಥವಾ ಆ ಕೈಗೆ ಮಾದರಿ ಬರೆದುಕೊಟ್ಟವರಿಗೆ, ಲೇಖನಿಯ ಪರಿಚಯವೂ ಇತ್ತು.

ಮೂರು ಹೆಸರುಗಳಿವೆ ಎಂಬುದರಲ್ಲಿ ಸಂಶಯವಿಲ್ಲ: ದ್ರೋಸ್ತೆನ್, ವೋರೆತ್, ಫೋರ್ಕುಸ್. ಎರಡನೆಯ ಸಾಲಿನ ಆರಂಭದ 'ಇಪೆ' ಎಂಬುದೇನು? ಬಹುಕಾಲ ಅದು ಒಗಟಾಗಿತ್ತು. ಪಿಕ್ಟರ ಭಾಷೆಯ ಯಾವುದೋ ಪದವಿರಬೇಕು ಎಂದು ಕೆಲವರು ಬಿಟ್ಟುಬಿಟ್ಟರು. 1993ರಲ್ಲಿ ಥಾಮಸ್ ಕ್ಲಾನ್ಸಿ ಎಂಬ ವಿದ್ವಾಂಸರು ಒಂದು ಹೊಸ ಓದನ್ನು ಮುಂದಿಟ್ಟರು. ಆ ಕಾಲದ ಬರವಣಿಗೆಯಲ್ಲಿ 'ಪ' ಮತ್ತು 'ರ' ಧ್ವನಿಯ ಅಕ್ಷರಗಳು ನೋಡಲು ಬಹಳ ಹತ್ತಿರ. ಅದನ್ನು 'ರ' ಎಂದು ಓದಿದರೆ 'ಇ ರೇ' ಎಂಬ ಗೇಲಿಕ್ ಮಾತು ಸಿಗುತ್ತದೆ. ಅದರ ಅರ್ಥ 'ಇಂಥವರ ಕಾಲದಲ್ಲಿ'. ಆಗ ಇಡೀ ಬರಹ ಹೀಗಾಗುತ್ತದೆ: ದ್ರೋಸ್ತೆನ್, ವೋರೆತನ ಕಾಲದಲ್ಲಿ, ಮತ್ತು ಫೋರ್ಕುಸ್. ರಾಜನ ಆಳ್ವಿಕೆಯ ಕಾಲವನ್ನು ಹೇಳಿ ಕಲ್ಲು ನೆಡಿಸುವ ಪದ್ಧತಿ ನಮಗೂ ಹೊಸದಲ್ಲ. ಪಿಕ್ಟರ ರಾಜರ ಪಟ್ಟಿಯಲ್ಲಿ ವುರಾದ್ ಎಂಬ ರಾಜನಿದ್ದಾನೆ. ಅವನು ಆಳಿದ್ದು 839ರಿಂದ 842ರವರೆಗೆ. ವೋರೆತ್ ಎಂಬುದು ಇದೇ ಹೆಸರು. ಈ ಓದನ್ನು ಒಪ್ಪಿದರೆ ಕಲ್ಲಿನ ವಯಸ್ಸು ಹೆಚ್ಚುಕಡಿಮೆ ವರ್ಷದ ಲೆಕ್ಕದಲ್ಲೇ ಸಿಕ್ಕಂತಾಯಿತು. ಪಿಕ್ಟರ ಕಲ್ಲುಗಳಲ್ಲಿ ಇದು ಬಹು ಅಪರೂಪ.

ಪ್ರಿಯ ಓದುಗರೇ, ಈ ನಾಲ್ಕು ಸಾಲುಗಳನ್ನು ಇನ್ನೊಮ್ಮೆ ಗಮನಿಸಿ. ದ್ರೋಸ್ತೆನ್ ಮತ್ತು ವೋರೆತ್ ಪಿಕ್ಟರ ಹೆಸರುಗಳು. ಫೋರ್ಕುಸ್ ಎಂಬುದು ಫೆರ್ಗುಸ್ ಎಂಬ ಗೇಲಿಕ್ ಹೆಸರು. ಐರ್ಲೆಂಡ್ ಮತ್ತು ಪಶ್ಚಿಮ ಕರಾವಳಿಯ ಜನರದು. 'ಇ ರೇ' ಗೇಲಿಕ್ ಮಾತು. 'ಎತ್ತ್' ಎಂಬುದು 'ಮತ್ತು' ಎಂಬರ್ಥದ ಲತೀನ್. 24 ಅಕ್ಷರಗಳಲ್ಲಿ ಮೂರು ಭಾಷೆಗಳು! ಸಂತ ಬೀಡ್ ಎಣಿಸಿದ ಐದರಲ್ಲಿ ಮೂರು ಈ ಅಂಗೈಯಗಲದ ಜಾಗದಲ್ಲಿ ಒಟ್ಟಿಗೆ ಕುಳಿತಿವೆ. ಜಗಳದ ಕುರುಹಿಲ್ಲ. ಮುಂದಿನ ಮುಖದಲ್ಲಿ ಎಲ್ಲರಿಗೂ ಒಂದೇ ಶಿಲುಬೆ.

ಸಂಕಟದ ಕಾಲ

ಆ ವರ್ಷಗಳು ನೆಮ್ಮದಿಯ ವರ್ಷಗಳಾಗಿರಲಿಲ್ಲ. ಉತ್ತರ ಸಮುದ್ರದಾಚೆಯಿಂದ ವೈಕಿಂಗರು ಹಡಗುಗಳಲ್ಲಿ ಬಂದು ಕರಾವಳಿಯನ್ನು ಸೂರೆ ಮಾಡುತ್ತಿದ್ದರು. 806ರಲ್ಲಿ ಕೊಲುಂಬರ ಅಯೋನಾದಲ್ಲಿ 68 ಮಂದಿಯನ್ನು ಕೊಂದರು. 839ರಲ್ಲಿ ಪಿಕ್ಟರ ಸೇನೆಗೂ ವೈಕಿಂಗರಿಗೂ ನಡೆದ ಕಾಳಗವನ್ನು ಐರ್ಲೆಂಡಿನ ಅಲ್ಸ್ಟರ್ ವರ್ಷಾವಳಿ ದಾಖಲಿಸಿದೆ. ಪಿಕ್ಟರ ರಾಜ ಎಓಗನಾನ್, ಅವನ ಸಹೋದರ ಬ್ರಾನ್, ಮತ್ತು ಲೆಕ್ಕವಿಲ್ಲದಷ್ಟು ಜನ ಅಂದು ಸತ್ತರು. ಆ ಸೋಲಿನ ಬೆನ್ನಿಗೇ ಸಿಂಹಾಸನಕ್ಕೆ ಬಂದವನು ನಮ್ಮ ವೋರೆತ್.

ಅಂಥ ಹೊತ್ತಿನಲ್ಲಿ, ರಾಜಮನೆತನವೇ ಕುಸಿದು ಹೋಗಿರುವಾಗ, ಸಮುದ್ರದ ಕಡೆಯಿಂದ ಯಾವ ಹೊತ್ತಿಗೆ ಯಾವ ಹಡಗು ಕಾಣಿಸುತ್ತದೋ ಎಂಬ ಭಯವಿರುವಾಗ, ಕರಾವಳಿಗೆ ಇಷ್ಟು ಹತ್ತಿರದ ದಿಬ್ಬದ ಮೇಲೆ ಯಾರೋ ತಿಂಗಳುಗಟ್ಟಲೆ ಶ್ರಮಿಸಿ ಒಂದು ಶಿಲುಬೆಯನ್ನು ಕೆತ್ತಿದರು. ಮೂರು ಹೆಸರುಗಳನ್ನು ಬರೆದರು. ಐರ್ಲೆಂಡಿನ ಸಮಾಧಿಗಲ್ಲುಗಳಲ್ಲಿ 'ಇಂಥವರಿಗಾಗಿ ಪ್ರಾರ್ಥಿಸಿ' ಎಂಬ ಮಾತು ಸಾಮಾನ್ಯ. ಪಿಕ್ಟರ ನಾಡಿನ ಉತ್ತರದ ಟಾರ್ಬಟ್ ಎಂಬಲ್ಲಿ ಸಿಕ್ಕ ಇನ್ನೊಂದು ಲತೀನ್ ಬರಹವೂ ಯೇಸುಕ್ರಿಸ್ತರ ಹೆಸರಿನಲ್ಲಿ, ಒಬ್ಬ ವ್ಯಕ್ತಿಯ ಸ್ಮರಣೆಗಾಗಿ ನೆಟ್ಟ ಶಿಲುಬೆ ಎಂದು ಹೇಳುತ್ತದೆ. ದ್ರೋಸ್ತೆನ್ ಕಲ್ಲಿನ ಮೇಲೆ ಅಂಥ ಕೋರಿಕೆ ಇಲ್ಲ. ಆದರೆ ಶಿಲುಬೆಯ ಪಕ್ಕದಲ್ಲಿ ಹೆಸರು ಬರೆದವರು ಇನ್ನೇನನ್ನು ಬಯಸಿಯಾರು? ನಾಳೆ ಬರುವ ವಿಶ್ವಾಸಿ ಇದನ್ನು ಓದಲಿ, ನಮ್ಮನ್ನು ದೇವರ ಮುಂದೆ ನೆನೆಯಲಿ ಎಂಬ ಆಸೆ ಅಲ್ಲಿಲ್ಲದಿರಲು ಸಾಧ್ಯವೇ?

ನಾಶವಾದರೆಂದು ಬರೆದ ಪತ್ರ

ವುರಾದನ ನಂತರ ಕೆಲವೇ ವರ್ಷಗಳಲ್ಲಿ ಕೆನೆತ್ ಮ್ಯಾಕ್ ಆಲ್ಪಿನ್ ಎಂಬಾತ ಅಧಿಕಾರಕ್ಕೆ ಬಂದ. ಅವನು 858ರಲ್ಲಿ ಸತ್ತಾಗ ವರ್ಷಾವಳಿ ಅವನನ್ನು ಪಿಕ್ಟರ ರಾಜ ಎಂದೇ ಕರೆಯಿತು. ಆದರೆ 900ರಲ್ಲಿ ಅವನ ಮೊಮ್ಮಗ ಡೊನಾಲ್ಡ್ ತೀರಿಕೊಂಡಾಗ ಅದೇ ವರ್ಷಾವಳಿ 'ಆಲ್ಬಾದ ರಾಜ' ಎಂದು ಬರೆಯಿತು. ಆಲ್ಬಾ ಎಂಬುದು ಗೇಲಿಕ್ ಹೆಸರು. ಅಲ್ಲಿಂದ ಮುಂದೆ ಪಿಕ್ಟರು ಎಂಬ ಪದವೇ ದಾಖಲೆಗಳಿಂದ ಮರೆಯಾಯಿತು. ಹೊಸ ಗುರುತಿನ ಕಲ್ಲುಗಳನ್ನೂ ಯಾರೂ ಕೆತ್ತಲಿಲ್ಲ.

ಒಂದು ಜನಾಂಗದ ಹೆಸರು ಇಷ್ಟು ಬೇಗ ಕಾಣೆಯಾದರೆ ಕಥೆಗಳು ಹುಟ್ಟಿಕೊಳ್ಳುತ್ತವೆ. ಔತಣಕ್ಕೆ ಕರೆದು ಮೋಸದಿಂದ ಪಿಕ್ಟರ ನಾಯಕರನ್ನೆಲ್ಲ ಕೊಂದರೆಂಬ ಕಥೆಯನ್ನು ಮುಂದಿನ ಶತಮಾನಗಳ ಲೇಖಕರು ಹೇಳಿದರು. ಇದರ ಪ್ರತಿಧ್ವನಿ ಧರ್ಮಸಭೆಯ ಒಂದು ಪ್ರಸಿದ್ಧ ಪತ್ರದಲ್ಲೂ ಕೇಳಿಸುತ್ತದೆ. ಅದೇ ಆರ್ಬ್ರೋತ್ ಘೋಷಣೆ. 1320ರ ಏಪ್ರಿಲ್ 6ರ ದಿನಾಂಕ ಹೊತ್ತ ಈ ಪತ್ರವನ್ನು ಸ್ಕಾಟ್ಲೆಂಡಿನ ಸಾಮಂತರು, ಇಂಗ್ಲೆಂಡಿನ ರಾಜ ತಮ್ಮನ್ನು ನೆಮ್ಮದಿಯಿಂದ ಇರಗೊಡುವಂತೆ ಬುದ್ಧಿ ಹೇಳಬೇಕೆಂದು ಕೋರಿ ಜಗದ್ಗುರು ಇಪ್ಪತ್ತೆರಡನೇ ಯೊವಾನ್ನರಿಗೆ ಕಳುಹಿಸಿದರು. ಸ್ವಾತಂತ್ರ್ಯದ ಹಂಬಲವನ್ನು ಮನಮುಟ್ಟುವಂತೆ ಹೇಳುವ ಆ ಪತ್ರವನ್ನು ಸ್ಕಾಟ್ಲೆಂಡಿನ ಜನ ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಆದರೆ ಅದರಲ್ಲೇ ಇನ್ನೊಂದು ಮಾತಿದೆ. ತಮ್ಮ ಪೂರ್ವಜರು ಸಿಥಿಯಾದಿಂದ ಹೊರಟು ಸ್ಪೇನ್ ದಾಟಿ ಬಂದು, ಬ್ರಿಟನ್ನರನ್ನು ಓಡಿಸಿ, ಪಿಕ್ಟರನ್ನು ಸಂಪೂರ್ಣವಾಗಿ ನಾಶಮಾಡಿ ಈ ನಾಡನ್ನು ಪಡೆದರು ಎಂದು ಅವರು ಅಭಿಮಾನದಿಂದ ಬರೆದುಕೊಂಡಿದ್ದಾರೆ.

ಆ ಪತ್ರದ ಮೇಲಿರುವ ಸ್ಥಳದ ಹೆಸರು ಆರ್ಬ್ರೋತ್ ಮಠ. 1178ರಲ್ಲಿ ಸ್ಥಾಪನೆಯಾದ ಆ ಮಠದ ಅಧೀನದಲ್ಲೇ ಸೇಂಟ್ ವಿಜಿಯನ್ಸ್ ದೇವಾಲಯವೂ ಇತ್ತು. ಪಿಕ್ಟರು ನಿರ್ನಾಮವಾದರೆಂದು ಹೇಳುವ ಪತ್ರ ಹೊರಟ ಜಾಗದಿಂದ ಅರ್ಧ ಗಂಟೆ ನಡೆದರೆ ಸಿಗುವ ಊರಿನ ಕಲ್ಲು ಬೇರೆಯೇ ಸಾಕ್ಷಿ ನುಡಿಯುತ್ತದೆ. ದ್ರೋಸ್ತೆನ್ ಮತ್ತು ಫೆರ್ಗುಸ್ ಒಂದೇ ಶಿಲುಬೆಯ ಕಲ್ಲಿನಲ್ಲಿ 'ಮತ್ತು' ಎಂಬ ಪದದಿಂದ ಕೂಡಿದ್ದಾರೆ ಎನ್ನುತ್ತದೆ ಅದು. ಪಿಕ್ಟರ ರಾಜನ ಕಾಲವನ್ನೇ ಗೇಲಿಕ್ ಮಾತಿನಲ್ಲಿ ಎಣಿಸುತ್ತದೆ. ಕತ್ತಿಯಿಂದ ನಾಶವಾದ ಜನರ ಕಲ್ಲು ಹೀಗಿರುವುದಿಲ್ಲ. ಮದುವೆ, ವ್ಯಾಪಾರ, ಮಠ, ಪ್ರಾರ್ಥನೆ ಇವುಗಳ ಮೂಲಕ ನಿಧಾನವಾಗಿ ಒಂದಾಗುತ್ತಿದ್ದ ಎರಡು ಜನರ ಕಲ್ಲು ಇದು.

ಇಂದಿನ ವಿಜ್ಞಾನವೂ ಇದಕ್ಕೆ ದನಿಗೂಡಿಸಿದೆ. ಪಿಕ್ಟರ ಕಾಲದ ಸಮಾಧಿಗಳ ಎಲುಬುಗಳಿಂದ ಪಡೆದ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಪಿಕ್ಟರು ಎಲ್ಲಿಂದಲೋ ವಲಸೆ ಬಂದ ವಿಚಿತ್ರ ಜನರಲ್ಲ, ಆ ನೆಲದ ಹಿಂದಿನ ನಿವಾಸಿಗಳ ಸಂತತಿಯೇ ಎಂದು ಅದು ತೋರಿಸಿತು. ಅವರ ರಕ್ತಸಂಬಂಧ ಇಂದಿನ ಪಶ್ಚಿಮ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ಜನರಲ್ಲಿ ಕಾಣುತ್ತದೆ ಎಂದೂ ಹೇಳಿತು. ಅವರ ಮಕ್ಕಳ ಮಕ್ಕಳು ಉಳಿದರು. ಉಳಿಯದೇ ಹೋದದ್ದು ಅವರ ಮಾತು.

ನಮಗೆ ಈ ಕಲ್ಲು ಹೇಳುವುದೇನು?

ಮೊದಲನೆಯದಾಗಿ, ಶಿಲುಬೆ ಒಂದು ನಾಡಿಗೆ ಬಂದಾಗ ಅಲ್ಲಿನ ಜನರ ಗುರುತನ್ನು ಅಳಿಸಲೇಬೇಕೆಂದಿಲ್ಲ. ಕನ್ನಡಿ ಮತ್ತು ಬಾಚಣಿಗೆ ಕೆತ್ತುತ್ತಿದ್ದ ಜನ ಕ್ರಿಸ್ತರನ್ನು ಒಪ್ಪಿಕೊಂಡ ಮೇಲೂ ಕನ್ನಡಿ ಮತ್ತು ಬಾಚಣಿಗೆಯನ್ನೇ ಕೆತ್ತಿದರು. ಕೊಲುಂಬರು ದುಭಾಷಿಯ ಮೂಲಕ ಬೋಧಿಸಿದರು. ಚೆಯೊಲ್‌ಫ್ರಿದರ ಪತ್ರವನ್ನು ರಾಜನ ಭಾಷೆಯಲ್ಲೇ ತಿಳಿಸಲಾಯಿತು. ಪಂಚಾಶತ್ತಮ ಹಬ್ಬದಂದು ಜೆರುಸಲೇಮಿನಲ್ಲಿ ಪ್ರತಿಯೊಬ್ಬನೂ ತನ್ನ ತನ್ನ ಭಾಷೆಯಲ್ಲೇ ದೇವರ ಮಹಿಮೆಯನ್ನು ಕೇಳಿದನಲ್ಲವೇ? ಅದರ ಮುಂದುವರಿಕೆಯನ್ನು ನಾವು ಇಲ್ಲಿ ಕಾಣುತ್ತೇವೆ.

ಎರಡನೆಯದು ಸ್ವಲ್ಪ ನೋವಿನ ಮಾತು. ಪಿಕ್ಟರ ಗುರುತುಗಳನ್ನು ಶತ್ರುಗಳು ಬಂದು ಕಸಿದುಕೊಳ್ಳಲಿಲ್ಲ. ಅವುಗಳ ಅರ್ಥವನ್ನು ಬಲ್ಲ ಅಪ್ಪ ಒಬ್ಬ ಇದ್ದ. ಅವನ ಮಗ ಕೇಳಲಿಲ್ಲ, ಅಥವಾ ಅಪ್ಪ ಹೇಳಲಿಲ್ಲ. ಮಗನಿಗೆ ರಾಜಸಭೆಯ ಭಾಷೆ ಬಂದರೆ ಸಾಕಾಗಿತ್ತು. ಮೊಮ್ಮಗನಿಗೆ ಕಲ್ಲು ಬರೀ ಕಲ್ಲಾಯಿತು. ಅವನ ಮೊಮ್ಮಗ ಅದನ್ನು ಗೋಡೆಗೆ ಕಟ್ಟಿದ. ಮೂರು ನಾಲ್ಕು ತಲೆಮಾರು ಸಾಕು. ಇದು ಪಿಕ್ಟರಿಗೆ ಮಾತ್ರ ಆದ ಕಥೆ ಎಂದು ನಾವು ತಿಳಿಯಬೇಕಿಲ್ಲ. ಅಜ್ಜಿ ಕಣ್ಣುಮುಚ್ಚಿ ಹೇಳುವ ಜಪಸರದ ಪ್ರಾರ್ಥನೆಯನ್ನು ಪಕ್ಕದಲ್ಲಿ ಕುಳಿತ ಮೊಮ್ಮಗು ಅರ್ಥ ಮಾಡಿಕೊಳ್ಳಲಾರದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಅಲ್ಲಿ ಯಾರೂ ಯಾರನ್ನೂ ನಾಶ ಮಾಡಿಲ್ಲ. ಎಲ್ಲರೂ ಒಳ್ಳೆಯವರೇ, ಎಲ್ಲರೂ ಮಕ್ಕಳ ಏಳಿಗೆಯನ್ನೇ ಬಯಸಿದವರು. ಆದರೂ ಒಂದು ಎಳೆ ಕಡಿದುಹೋಗಿದೆ.

ಆದ್ದರಿಂದ ಈ ನವೆಂಬರಿನಲ್ಲಿ ನಾವು ಒಂದು ಸಣ್ಣ ಕೆಲಸ ಮಾಡಬಹುದು. ಮನೆಯ ಶ್ರೀಗ್ರಂಥದ ಮೊದಲ ಖಾಲಿ ಹಾಳೆಯಲ್ಲಿ ಅಜ್ಜ ಅಜ್ಜಿಯರ, ಮುತ್ತಜ್ಜ ಮುತ್ತಜ್ಜಿಯರ ಹೆಸರುಗಳನ್ನು, ಅವರ ಊರುಗಳ ಹೆಸರುಗಳನ್ನು ಬರೆದಿಡೋಣ. ಅವರು ಹೇಳುತ್ತಿದ್ದ ಒಂದು ಪ್ರಾರ್ಥನೆಯನ್ನು, ಹಾಡುತ್ತಿದ್ದ ಒಂದು ಕೀರ್ತನೆಯನ್ನು ಅರ್ಥಸಹಿತ ಮಕ್ಕಳಿಗೆ ಕಲಿಸೋಣ. ಮನೆಗೆ ಸೊಸೆಯಾಗಿ, ಅಳಿಯನಾಗಿ ಬೇರೆ ಭಾಷೆಯವರು ಬಂದಿದ್ದರೆ ಅವರ ಹಿರಿಯರ ಹೆಸರುಗಳನ್ನೂ ಅದೇ ಹಾಳೆಯಲ್ಲಿ ಬರೆಯೋಣ. ಕಲ್ಲಿನ ಮೇಲೆ ದ್ರೋಸ್ತೆನನ ಜೊತೆ ಫೆರ್ಗುಸನಿಗೂ ಜಾಗವಿತ್ತು.

ದ್ರೋಸ್ತೆನ್ ಯಾರು? ಗುರುವೋ, ಸಾಮಂತನೋ, ಒಬ್ಬ ತಂದೆಯೋ? ಕಲ್ಲು ಅದನ್ನು ಹೇಳುವುದಿಲ್ಲ. ಹಿಂಭಾಗದ ಜೋಡಿಚಕ್ರ ಮತ್ತು ಅರ್ಧಚಂದ್ರ ಇನ್ನಾರದೋ ಹೆಸರನ್ನು ಹೇಳುತ್ತಿರಬಹುದು. ಅದನ್ನು ಓದುವವರು ಈ ಭೂಮಿಯ ಮೇಲೆ ಇಂದು ಇಲ್ಲ. ಆದರೆ ನಮ್ಮ ಹೆಸರುಗಳನ್ನು ತಮ್ಮ ಅಂಗೈಯಲ್ಲೇ ಕೊರೆದುಕೊಂಡಿರುವುದಾಗಿ ಪ್ರವಾದಿ ಯೆಶಾಯನ ಬಾಯಿಂದ ಹೇಳಿಸಿದ ದೇವರಿಗೆ ಆ ಗುರುತುಗಳೂ ತಿಳಿದಿವೆ. ಮೃತ ವಿಶ್ವಾಸಿಗಳಿಗಾಗಿ ಪ್ರಾರ್ಥಿಸುವಾಗ ನಾವು ಅವರನ್ನೂ ನೆನೆಯೋಣ: ದ್ರೋಸ್ತೆನ್, ವೋರೆತ್, ಫೆರ್ಗುಸ್, ಮತ್ತು ನಾವು ಓದಲಾರದ ಹೆಸರಿನವರು.